ಸಾರ್ವತ್ರಿಕ ಪಿಂಚಣಿ: ಅಶನವೋ, ಪಗಾರವೋ?

ಸರ್ಕಾರಿ ಕಾಗದದಲ್ಲಿ ಅದರ ಹೆಸರು 'ಮಾಸಾಶನ'. ಕಾರವಾರದ ಮೀನು ಪೇಟೆಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತ ಮುದುಕಿಯರ ಬಾಯಲ್ಲಿ ಅದು 'ಪಗಾರ'. "ನಿಂಗೆ ಈ ತಿಂಗ್ಳ ಪಗಾರ ಬಂತನೇ?" ಎಂದು ಒಬ್ಬರು ಕೇಳಿದರೆ, ಬಂಗಡೆಯ ರಾಶಿಯ ಮೇಲೆ ನೀರು ಚಿಮುಕಿಸುತ್ತ ಇನ್ನೊಬ್ಬರು ತಲೆಯಾಡಿಸುತ್ತಾರೆ.

ಒಂದೇ ಹಣಕ್ಕೆ ಎರಡು ಹೆಸರು. ಅಶನ ಎಂದರೆ ಊಟ. ಹವ್ಯಕರ ಮನೆಮಾತಿನಲ್ಲಿ ಅದು ಇಂದಿಗೂ ಬೇಯಿಸಿದ ಅನ್ನವೇ. ಹಾಗಾಗಿ ಮಾಸಾಶನವೆಂದರೆ ತಿಂಗಳ ಅನ್ನ, ಅಂದರೆ ಹಸಿದವರಿಗೆ ಹಾಕುವುದು. ಹಾಕುವ ಮೊದಲು ಹಸಿವಿದೆಯೇ ಎಂದು ಕೇಳುವ ಹಕ್ಕು ಹಾಕುವವರಿಗೆ ಇರುತ್ತದೆ. ಪಗಾರ ಹಾಗಲ್ಲ. ದುಡಿದವರಿಗೆ ಸಲ್ಲಬೇಕಾದದ್ದು ಅದು, ಮನೆಯಲ್ಲಿ ಅಕ್ಕಿ ಇದೆಯೋ ಇಲ್ಲವೋ ಎಂದು ನೋಡಿ ಯಾರೂ ಪಗಾರ ಕೊಡುವುದಿಲ್ಲ. ಐವತ್ತು ವರ್ಷ ಬುಟ್ಟಿ ಹೊತ್ತವರಿಗೆ ಈ ಹಣ ಬಾಕಿ ಪಗಾರದಂತೆ ಕಂಡರೆ ನನಗೇನೂ ಆಶ್ಚರ್ಯವಿಲ್ಲ. ಮುಪ್ಪಿನ ಪಿಂಚಣಿಯ ಬಗ್ಗೆ ಜಗತ್ತಿನಲ್ಲಿ ನೂರಿಪ್ಪತ್ತು ವರ್ಷಗಳಿಂದ ನಡೆದಿರುವ ಜಗಳ ಹೆಚ್ಚುಕಡಿಮೆ ಈ ಎರಡು ಪದಗಳ ನಡುವಿನದೇ.

ವಯಸ್ಸೊಂದನ್ನೇ ನೋಡಿ, ಬಡವ-ಬಲ್ಲಿದ ಎನ್ನದೆ ಎಲ್ಲ ಹಿರಿಯರಿಗೂ ಕೊಟ್ಟರೆ ಅದು ಸಾರ್ವತ್ರಿಕ ಪಿಂಚಣಿ. ಆದಾಯ, ಆಸ್ತಿ ಅಳೆದು, ಒಂದು ಗೆರೆಯ ಕೆಳಗಿರುವವರಿಗೆ ಮಾತ್ರ ಕೊಟ್ಟರೆ ಅಗತ್ಯಾಧಾರಿತ ಪಿಂಚಣಿ. ಆ ಅಳತೆಗೆ ಆದಾಯ ಪರೀಕ್ಷೆ ಎನ್ನುತ್ತಾರೆ. ಮೂರನೆಯದೊಂದಿದೆ, ದುಡಿಯುವಾಗ ವಂತಿಗೆ ಕಟ್ಟಿ ಮುಪ್ಪಿನಲ್ಲಿ ಪಡೆಯುವುದು. 1889ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ಶುರುಮಾಡಿದ್ದು, ನಮ್ಮ ಪಿಎಫ್ ಪಿಂಚಣಿ, 2015ರ ಅಟಲ್ ಪಿಂಚಣಿ ಎಲ್ಲ ಆ ಜಾತಿಯವು. ದೋಣಿಯಲ್ಲಿ ಪಾಲಿಗೆ ದುಡಿಯುವವನಿಗೆ ಪಿಎಫ್ ಎಲ್ಲಿಂದ ಬರಬೇಕು? ಅದನ್ನು ಇಲ್ಲಿಗೇ ಬಿಡುತ್ತೇನೆ.

ಈ ಹಣ ಬೇರೆಡೆಯೂ ಅಶನವಾಗಿಯೇ ಹುಟ್ಟಿತು. ನ್ಯೂಜಿಲೆಂಡ್ 1898ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾನೂನು ತಂದಾಗ ಬಡತನ ಸಾಲದು, ಸನ್ನಡತೆಯೂ ಬೇಕು ಎಂದಿತು. ಬ್ರಿಟನ್ನಿನ 1908ರ ಕಾಯ್ದೆ 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್ ಕೊಟ್ಟಿತು. ಮೈಗಳ್ಳರಿಗೆ ಇಲ್ಲ ಎಂದೂ ಸೇರಿಸಿತು. ಯಾರು ಮೈಗಳ್ಳರೆಂದು ಹೇಳುವವರು ಯಾರು ಎಂಬುದನ್ನು ಊರಲ್ಲಿ ಬಾಳಿದವರಿಗೆ ವಿವರಿಸಬೇಕಿಲ್ಲ.

ಅದೇ ನ್ಯೂಜಿಲೆಂಡ್ ಇಂದು ಸಾರ್ವತ್ರಿಕ ಪಿಂಚಣಿಗೆ ಎಲ್ಲರೂ ಬೆರಳು ತೋರಿಸುವ ದೇಶ. 65 ತುಂಬಿದ, ಇಂತಿಷ್ಟು ವರ್ಷ ಅಲ್ಲಿ ವಾಸಿಸಿದ ಎಲ್ಲರಿಗೂ ಸಿಗುತ್ತದೆ. ಆದಾಯವನ್ನೂ ಆಸ್ತಿಯನ್ನೂ ಕೇಳುವುದಿಲ್ಲ. ಪಕ್ಕದ ಆಸ್ಟ್ರೇಲಿಯಾ ಇಂದಿಗೂ ಎರಡನ್ನೂ ಅಳೆಯುತ್ತದೆ, ವಾಸದ ಮನೆಯನ್ನು ಮಾತ್ರ ಲೆಕ್ಕದಿಂದ ಬಿಡುತ್ತದೆ. ಹಾಗಾಗಿ ಇದು ಶ್ರೀಮಂತ ದೇಶದ ದಾರಿ, ಅದು ಬಡ ದೇಶದ ದಾರಿ ಎಂದು ವಿಂಗಡಿಸಲಾಗದು. ನೇಪಾಳ 1990ರ ದಶಕದ ನಡುವಿನಲ್ಲೇ 75 ದಾಟಿದವರಿಗೆಲ್ಲ ತಿಂಗಳಿಗೆ 100 ರೂಪಾಯಿ ಕೊಡತೊಡಗಿತು. ಪುಟ್ಟ ಮೊತ್ತ ಹೌದು, ಆದರೆ ಯಾರನ್ನೂ 'ನೀನು ಬಡವನೇ?' ಎಂದು ಕೇಳಲಿಲ್ಲ.

ನಮ್ಮಲ್ಲಿ? 1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಬಂದಾಗ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿ. 2007ರಲ್ಲಿ ಅದಕ್ಕೆ ಇಂದಿರಾ ಗಾಂಧಿ ಹೆಸರಾಯಿತು, ನಿರ್ಗತಿಕರು ಎಂಬಲ್ಲಿ ಬಿಪಿಎಲ್ ಎಂದಾಯಿತು. 2011ರಲ್ಲಿ ವಯಸ್ಸು 65ರಿಂದ 60ಕ್ಕೆ ಇಳಿಯಿತು. ಕೇಂದ್ರದ ಪಾಲು ಮಾತ್ರ 79 ವರ್ಷದವರೆಗೆ 200 ರೂಪಾಯಿ, 80ರ ಮೇಲೆ 500. ಆ 200 ಅಂದಿನಿಂದ ಕದಲಿಲ್ಲ. ಕರ್ನಾಟಕ 2007ರಲ್ಲಿ ಸಂಧ್ಯಾ ಸುರಕ್ಷಾ ತಂದಿತು. 65 ದಾಟಿದ ಸಣ್ಣ ರೈತರು, ಕೂಲಿಕಾರರು, ನೇಕಾರರು, ಮೀನುಗಾರರಿಗೆಂದು ಬಂದ ಅದು ಈಗ ತಿಂಗಳಿಗೆ 1,200 ರೂಪಾಯಿ.

ಇನ್ನು ಆ ಗೆರೆಯ ವಿಷಯ. ನಮ್ಮ ರಾಜ್ಯದ ಈ ಪಿಂಚಣಿಗಳಿಗೆ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ದಿನಕ್ಕೆ 88 ರೂಪಾಯಿಯೂ ಆಗುವುದಿಲ್ಲ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಒಂದು ಮನೆಯವರು ಸರ್ಕಾರವೇ ಆಗ ಖಾತ್ರಿ ಕೊಟ್ಟಿದ್ದ ನೂರು ದಿನ ಪೂರ್ತಿ ಮಣ್ಣು ಹೊತ್ತಿದ್ದರೆ ಬರುತ್ತಿದ್ದದ್ದು 37,000. ಅಲ್ಲಿಗೆ ಗೆರೆ ದಾಟಿದಂತಾಯಿತು! ಹಾಗೆಂದು ಊರಲ್ಲಿ ಎಲ್ಲರ ಅರ್ಜಿಯೂ ತಿರಸ್ಕೃತವಾಗುವುದಿಲ್ಲ, ಏಕೆಂದರೆ ನಾಡಕಚೇರಿಯಿಂದ ಸಿಗುವ ಆದಾಯ ಪ್ರಮಾಣಪತ್ರದ ಅಂಕಿಗೂ ಬದುಕಿಗೂ ನಂಟು ಕಡಿಮೆ ಎಂಬುದು ಬರೆಯುವವರಿಗೂ ಗೊತ್ತು, ಬರೆಸುವವರಿಗೂ ಗೊತ್ತು. ಗೆರೆ ಇಷ್ಟು ಕೆಳಗಿದ್ದರೆ ಪರೀಕ್ಷೆಯಲ್ಲಿ ಪಾಸಾಗುವುದು ಬಡತನವಲ್ಲ, ಓಡಾಡುವ ತಾಕತ್ತು. ಅರ್ಜಿ ಬರೆದುಕೊಡುವ ಮೊಮ್ಮಗ, ಪರಿಚಯದ ಪಂಚಾಯ್ತಿ ಮೆಂಬರು, ದಿನಗೂಲಿ ಬಿಟ್ಟು ಮೂರು ಸಲ ತಾಲೂಕಿಗೆ ಹೋಗಿಬರುವ ಬಸ್ ಚಾರ್ಜು, ಇವು ಯಾರ ಬಳಿ ಇವೆಯೋ ಅವರು ಪಾಸು.

ಬಲೆಯ ಕಣ್ಣಿನ ಲೆಕ್ಕ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಕಣ್ಣು ಸಣ್ಣದಾದರೆ ಬೇಡದ ಮರಿಯೂ ಬರುತ್ತದೆ, ದೊಡ್ಡದಾದರೆ ಬೇಕಾದದ್ದೂ ಜಾರಿ ಹೋಗುತ್ತದೆ. ಪಿಂಚಣಿಯಲ್ಲೂ ತಪ್ಪು ಎರಡು ಬಗೆ: ಸಲ್ಲದವರು ಒಳಗೆ ಬರುವುದು, ಸಲ್ಲಬೇಕಾದವರು ಹೊರಗೆ ಉಳಿಯುವುದು. ಮೊದಲನೆಯದು ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, 'ಕಾರಿದ್ದವರಿಗೂ ಬಿಪಿಎಲ್ ಕಾರ್ಡು' ಎಂದು. ಎರಡನೆಯದು ಸುದ್ದಿಯಾಗುವುದಿಲ್ಲ, ಬಾರದ ಹಣದ ಫೋಟೋ ತೆಗೆಯಲು ಬರುವುದಿಲ್ಲವಲ್ಲ.

ಶಿರಸಿ ಕಡೆ ಹೋದರೆ ತೊಡಕು ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ನನ್ನ ಪರಿಚಯದ ಒಬ್ಬ ಹೆಗಡೇರ ಮನೆ ಇದೆ. ಗಂಡ ಹೆಂಡತಿ ಇಬ್ಬರೇ, ಇಬ್ಬರಿಗೂ ಎಪ್ಪತ್ತೈದರ ಮೇಲೆ. ಮಗ ಬೆಂಗಳೂರಿನಲ್ಲಿ. ಎರಡೆಕರೆ ಅಡಿಕೆ ತೋಟ ಕಾಗದದ ಮೇಲೆ ಇದೆ, ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರೂ ಇದೆ. ಕೊಳೆರೋಗ ಬಂದ ವರ್ಷ ಮದ್ದು ಹೊಡೆಸಲು, ಕೊನೆ ಕೊಯ್ಯಿಸಲು ಆಳೇ ಸಿಗದೆ ಅರ್ಧ ಫಸಲು ಮರದಲ್ಲೇ ಉಳಿಯಿತು. ಅಡಿಕೆಯ ದರ ಕೇಳಿದರೆ ಅವರು ಸಾಹುಕಾರರು, ಔಷಧಿ ಅಂಗಡಿಯ ಬಾಕಿ ಕೇಳಿದರೆ ಅಲ್ಲ. ಅವರನ್ನು ಬಡವರು ಎನ್ನಲು ನನಗೂ ನಾಲಿಗೆ ಏಳುವುದಿಲ್ಲ. ಇಂದಲ್ಲ ನಾಳೆ ತೋಟ ಮಾರಿದರೆ ಹಣವಿದೆ. ಆದರೆ ಎಂಬತ್ತರ ಹೊಸ್ತಿಲಲ್ಲಿ ತೋಟ ಮಾರು ಎಂದು ಹೇಳುವುದು ಯಾರಿಗೆ ಸುಲಭ? ಮಗನ ಹೆಸರು ಇನ್ನೂ ರೇಷನ್ ಕಾರ್ಡಿನಲ್ಲಿದ್ದರೆ ಅವನ ಸಂಬಳವೂ ಮನೆಯ ಆದಾಯವೇ. ಅವನು ತಿಂಗಳಿಗೆ ಎಷ್ಟು ಕಳಿಸುತ್ತಾನೆ ಎಂಬ ಕಾಲಂ ಯಾವ ಫಾರ್ಮಿನಲ್ಲೂ ಇಲ್ಲ. ಇದ್ದರೂ ಯಾವ ತಾಯಿ ನಿಜ ಬರೆಯುತ್ತಾಳೆ?

ಹಾಗಾದರೆ ಎಲ್ಲರಿಗೂ ಕೊಟ್ಟುಬಿಡೋಣ ಎನ್ನುವ ಮೊದಲು ಎದುರು ಪಕ್ಷದ ಲೆಕ್ಕವನ್ನೂ ನೋಡಬೇಕು, ಅದು ಸಣ್ಣದಲ್ಲ. 2011ರ ಜನಗಣತಿಯಲ್ಲೇ 60 ದಾಟಿದವರು ದೇಶದಲ್ಲಿ ಸುಮಾರು 10.4 ಕೋಟಿ. ಅವರಿಗೆಲ್ಲ ತಿಂಗಳಿಗೆ 1,200 ಕೊಟ್ಟರೆ ವರ್ಷಕ್ಕೆ ಒಂದೂವರೆ ಲಕ್ಷ ಕೋಟಿ ರೂಪಾಯಿ. ಕೇಂದ್ರ ತನ್ನ ಎಲ್ಲ ಸಾಮಾಜಿಕ ನೆರವಿನ ಪಿಂಚಣಿಗಳಿಗೆ 2024-25ರಲ್ಲಿ ಇಟ್ಟದ್ದು 9,652 ಕೋಟಿ. ಇರುವ ಹಣವನ್ನೇ ಎಲ್ಲರಿಗೂ ಹಂಚಿದರೆ ಹಸಿದವರ ಬಾಳೆಯಿಂದ ತೆಗೆದು ಉಂಡವರ ಬಾಳೆಗೆ ಬಡಿಸಿದಂತೆ. ಈ ವಾದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ಅರ್ಧ ಉತ್ತರ ಹೀಗಿದೆ: ಮೊದಲು ಎಲ್ಲರಿಗೂ ಕೊಟ್ಟು, ಇದ್ದವರಿಂದ ತೆರಿಗೆಯಲ್ಲಿ ವಾಪಸು ಪಡೆಯುವುದು. ಕೆನಡಾ 1989ರಿಂದ ಇದನ್ನೇ ಮಾಡುತ್ತಿದೆ. ಬ್ರಿಟನ್ 1997ರಿಂದ ಹಿರಿಯರಿಗೆಲ್ಲ ಚಳಿಗಾಲದ ಇಂಧನ ಭತ್ಯೆ ಕೊಡುತ್ತಿತ್ತು. 2024ರಲ್ಲಿ ಹೊಸ ಸರ್ಕಾರ ಅದನ್ನು ಬಡವರಿಗಷ್ಟೇ ಸೀಮಿತಗೊಳಿಸಿದಾಗ ಸುಮಾರು ಒಂದು ಕೋಟಿ ಜನರ ಕೈತಪ್ಪಿತು. ಗದ್ದಲ ಎಷ್ಟಾಯಿತೆಂದರೆ ಮರುವರ್ಷವೇ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮತ್ತೆ ಕೊಡುವುದೆಂದಾಯಿತು. ವಾರ್ಷಿಕ ಆದಾಯ 35,000 ಪೌಂಡ್ ಮೀರಿದವರಿಂದ ಮಾತ್ರ ತೆರಿಗೆ ಇಲಾಖೆ ಹಿಂದೆ ಪಡೆಯುತ್ತದೆ. ನಮ್ಮಲ್ಲಿ 2020ರ ಮಾರ್ಚ್‌ನಲ್ಲಿ ರೈಲಿನ ಹಿರಿಯ ನಾಗರಿಕರ ರಿಯಾಯಿತಿ ನಿಂತಾಗಲೂ ಇಂಥದೇ ಕೂಗು ಎದ್ದಿತು. ಗೆದ್ದಿತೆಂದಲ್ಲ, ಆದರೆ ಸಂಸತ್ತಿನಲ್ಲಿ ಪ್ರಶ್ನೆಯಾಯಿತು, ವಾಚಕರ ವಾಣಿ ತುಂಬಿತು. ಇತ್ತ ಆ 200 ರೂಪಾಯಿ ಇಷ್ಟು ವರ್ಷ ಅಲ್ಲೇ ಕೂತಿದ್ದರ ಬಗ್ಗೆ ಅಂಥ ಕೂಗನ್ನು ಯಾರಾದರೂ ಕೇಳಿದ್ದೀರಾ? ಮೇಷ್ಟರೂ ಮ್ಯಾನೇಜರರೂ ಅದೇ ಸಾಲಿನಲ್ಲಿ ನಿಂತಿದ್ದರೆ ಕೇಳುತ್ತಿತ್ತು. ಉಳ್ಳವರಿಗೂ ಕೊಡಿ ಎಂಬುದರ ಹಿಂದಿನ ನಿಜವಾದ ಕಾರಣ ನನ್ನ ಮಟ್ಟಿಗೆ ಇದೇ.

ತೆರಿಗೆಯಲ್ಲಿ ವಾಪಸು ಪಡೆಯುವ ಉಪಾಯಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ತೂತಿದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. 'ಟ್ಯಾಕ್ಸ್ ಕಟ್ಟುವವರನ್ನು ಬಿಟ್ಟು ಎಲ್ಲರಿಗೂ' ಎಂದರೆ, ನಮ್ಮ ಗೃಹಲಕ್ಷ್ಮಿಯ ಸೂತ್ರವೂ ಅದೇ, ಇಪ್ಪತ್ತು ಎಕರೆ ತೋಟದವರು ಒಳಗೆ, ತೆರಿಗೆ ಕಟ್ಟುವ ನಿವೃತ್ತ ಹೆಡ್ ಕ್ಲಾರ್ಕು ಹೊರಗೆ. ಆದರೂ ಬಡವರನ್ನು ಹುಡುಕಿ ಆರಿಸುವುದಕ್ಕಿಂತ ಉಳ್ಳವರನ್ನು ಹುಡುಕಿ ಬಿಡುವುದು ವಾಸಿ ಎಂದೇ ನನ್ನ ಎಣಿಕೆ. ಉಳ್ಳವರ ಗುರುತು ಕಾಗದದಲ್ಲಿ ಸಿಗುತ್ತದೆ, ಇಲ್ಲದವರದು ಸಿಗುವುದಿಲ್ಲ.

'ಸಾರ್ವತ್ರಿಕ' ಎಂದ ಮಾತ್ರಕ್ಕೆ ಪರೀಕ್ಷೆಯೇ ಇಲ್ಲ ಎಂದುಕೊಳ್ಳಬಾರದು. ವಯಸ್ಸಿನ ಪರೀಕ್ಷೆ ಇದ್ದೇ ಇರುತ್ತದೆ. ಮನೆಯಲ್ಲೇ ಹುಟ್ಟಿ, ಶಾಲೆಯ ಮುಖ ಕಾಣದವರ ಹುಟ್ಟಿದ ತಾರೀಖು ಆಧಾರ್‌ನಲ್ಲಿ ಜನವರಿ 1, ಇಸವಿ ಅಂದಾಜು. ನಮ್ಮ ಓಣಿಯಲ್ಲಿ ಅಕ್ಕತಂಗಿ ಇಬ್ಬರಿದ್ದಾರೆ. ಇಬ್ಬರೂ ಬಿಪಿಎಲ್, ಇಬ್ಬರೂ ಒಣಮೀನು ಮಾರುವವರು. ಕಾರ್ಡುಗಳ ಪ್ರಕಾರ ತಂಗಿ ಅಕ್ಕನಿಗಿಂತ ಮೂರು ವರ್ಷ ದೊಡ್ಡವಳು. ತಂಗಿಗೆ ಪಗಾರ ಶುರುವಾಗಿ ಎರಡು ವರ್ಷವಾಯಿತು. "ಎಂತ ಮಾಡುದು ತಮಾ," ಎನ್ನುತ್ತಾರೆ ಅಕ್ಕ, "ನಾ ಎತ್ತಿ ಆಡಿಸಿದ ಹುಡುಗಿ ಅದು. ನಂಗೆ ಇನ್ನೂ ಒಂದು ವರ್ಷ ಅದೆ ಅಂತೆ ಮುದುಕಿ ಆಗೂಕೆ."