ಮೂವತ್ತು ಹೆಂಗಸರಿದ್ರೆ ಮಾತ್ರ ತೊಟ್ಟಿಲು

ನಮ್ಮ ಮನೆ ಎದುರು ಒಂದು ಬಿಲ್ಡಿಂಗ್ ಏಳ್ತಾ ಇದೆ. ಎರಡು ಪಿಲ್ಲರ್ ಮಧ್ಯೆ ಹಳೇ ಸೀರೆ ಕಟ್ಟಿ ಜೋಲಿ ಮಾಡಿದಾರೆ, ಒಳಗೆ ಎಂಟೊಂಬತ್ತು ತಿಂಗಳ ಕೂಸು, ತೂಗ್ತಿರೋದು ಅದರ ಅಕ್ಕ, ಅವಳಿಗೆ ಆರು ವರ್ಷ ಆಗಿದ್ರೆ ಹೆಚ್ಚು. ಅವರಮ್ಮ ಮೂರನೇ ಫ್ಲೋರಿಗೆ ಕಾಂಕ್ರೀಟು ಹೊರ್ತಾ ಇರ್ತಾರೆ. ಇಂಥೋರಿಗೆ ಸರ್ಕಾರ ಏನೂ ಮಾಡಿಲ್ವಾ ಅಂದ್ರೆ ಮಾಡಿದೆ, 1948ರಿಂದ ಮಾಡ್ತಾನೇ ಇದೆ, ಆದ್ರೆ ತಲೆ ಎಣಿಸಿ ಎಣಿಸಿ ಮಾಡಿದೆ.

1948ರ ಫ್ಯಾಕ್ಟರಿ ಕಾಯ್ದೆ ಪ್ರಕಾರ 50ಕ್ಕಿಂತ ಜಾಸ್ತಿ ಹೆಂಗಸರು ದುಡಿಯೋ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕ್ರೆಶ್, ಅಂದ್ರೆ ಅಮ್ಮ ದುಡಿಯೋವಾಗ ಕೂಸು ನೋಡ್ಕೊಳ್ಳೋ ಜಾಗ, ಇರ್ಬೇಕಿತ್ತು, 1976ರಲ್ಲಿ ಅದನ್ನ 30ಕ್ಕೆ ಇಳಿಸಿದ್ರು. ಅಂದ್ರೆ 25 ಜನ ಇದ್ರೆ ಮಾಲೀಕರಿಗೆ ತಲೆನೋವೇ ಇರ್ಲಿಲ್ಲ. ಗಂಡಸರನ್ನಂತೂ ಲೆಕ್ಕಕ್ಕೇ ಹಿಡೀಲಿಲ್ಲ, ಮಗು ಅಮ್ಮಂದು ಮಾತ್ರ ಅನ್ನೋ ಹಾಗೆ. ಎಸ್ಟೇಟ್‌ಗಳಿಗೆ 1951ರ ಪ್ಲಾಂಟೇಶನ್ ಕಾಯ್ದೆ ಬಂತು, ಕಟ್ಟಡ ಕೆಲಸಕ್ಕೆ 1996ರದ್ದು, ಅದರಲ್ಲೂ 50ಕ್ಕಿಂತ ಹೆಚ್ಚು ಹೆಂಗಸರಿದ್ರೆ ಮಾತ್ರ ಕ್ರೆಶ್ ಇರ್ಬೇಕಿತ್ತು. ನಮ್ಮೆದುರಿನ ಸೈಟಲ್ಲಿ ಇರೋದೇ ನಾಲ್ಕು ಜನ. ಮನೆಗೆಲಸದವ್ರು, ಸೊಪ್ಪು ಮಾರೋರು ಯಾವ ಲೆಕ್ಕದಲ್ಲೂ ಇಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದಿದಾಗ 50 ಉದ್ಯೋಗಿಗಳು ಅಂತ ಗಂಡಸರನ್ನೂ ಸೇರಿಸಿದ್ರು, ಆದ್ರೆ 50 ಹಾಗೇ ಉಳೀತು.

ಅಂಗನವಾಡಿ ಇದೆಯಲ್ಲ ಅಂತೀರಾ? 1975ರ ಅಕ್ಟೋಬರ್ 2ಕ್ಕೆ ಅಂಗನವಾಡಿ ನಡೆಸೋ ಐಸಿಡಿಎಸ್ ಯೋಜನೆ ಶುರುವಾದಾಗ ನಮ್ಮಲ್ಲಿ ಮೊದಲು ಬಂದಿದ್ದು ಟಿ. ನರಸೀಪುರಕ್ಕೆ. ಊಟ, ಲಸಿಕೆ, ಮೂರು ದಾಟಿದ ಮಕ್ಕಳಿಗೆ ಪಾಠ, ಎಲ್ಲಾ ಸರಿ, ಆದ್ರೆ ಅದು ದಿನವಿಡೀ ಕೂಸು ನೋಡ್ಕೊಳ್ಳೋ ಜಾಗ ಅಲ್ಲ, ಗಾರ್ಮೆಂಟ್ಸ್ ಶಿಫ್ಟ್ ಬಿಡೋ ಹೊತ್ತಿಗೆ ಬಾಗಿಲಿಗೆ ಬೀಗ ಬಿದ್ದಿರುತ್ತೆ.

ಬಡವರಿಗೇ ಅಂತ ಬಂದಿದ್ದು 2006ರ ರಾಜೀವ್ ಗಾಂಧಿ ಕ್ರೆಶ್ ಯೋಜನೆ. ಬಿಪಿಎಲ್ ಮನೆಯವ್ರು ತಿಂಗಳಿಗೆ ಮಗುವಿಗೆ 20 ರೂಪಾಯಿ ಕೊಟ್ರೆ ಸಾಕಿತ್ತು, ಇವತ್ತು ಒಂದು ಬಿಸ್ಕೆಟ್ ಪ್ಯಾಕೆಟ್ಟಿನ ದುಡ್ಡು. ಖರ್ಚಲ್ಲಿ 90 ಪರ್ಸೆಂಟ್ ಕೇಂದ್ರ ಹಾಕ್ತಿತ್ತು, 2017ರಲ್ಲಿ 60ಕ್ಕೆ ಇಳಿಸಿ 30ನ್ನ ರಾಜ್ಯದ ತಲೆಗೆ ಕಟ್ಟಿದ್ರು, ಎಷ್ಟೋ ಕ್ರೆಶ್‌ಗಳು ಮುಚ್ಚಿಹೋದ್ವು. 2022ರಲ್ಲಿ ಅದಕ್ಕೇ ಪಾಲನಾ ಅಂತ ಹೆಸರಿಟ್ಟು ಅಂಗನವಾಡಿ ಜೊತೆಗೇ ಕ್ರೆಶ್ ನಡೆಸೋಕೆ ಹೊರಟ್ರು.

ನಮ್ಮ ರಾಜ್ಯದ್ದು ಕೂಸಿನ ಮನೆ, ನರೇಗಾ ಕೂಲಿಯವ್ರ ಮಕ್ಕಳಿಗೆ ಅಂತ ಮಾಡಿದ ಕ್ರೆಶ್, 2023-24ರ ಬಜೆಟ್‌ದು, 4,000 ಗ್ರಾಮ ಪಂಚಾಯ್ತಿಗಳಲ್ಲಿ. ನರೇಗಾ ಕಾಯ್ದೆಯಲ್ಲಿ ಮೊದಲಿಂದನೂ ಒಂದು ಮಾತಿತ್ತು, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದ್ರೆ ನೋಡ್ಕೊಳ್ಳೋಕೆ ಒಬ್ಬ ಹೆಂಗಸನ್ನ ಕೂರಿಸಿ ಅವಳಿಗೂ ಕೂಲಿ ಕೊಡಿ ಅಂತ. ಮಗು ನೋಡ್ಕೊಳ್ಳೋದೂ ಕೂಲಿ ಕೆಲಸನೇ ಅಂತ ಒಪ್ಕೊಂಡಿದ್ದು ನನಗಂತೂ ದೊಡ್ಡ ವಿಷಯ. ಆದ್ರೆ ಇದು ಹಳ್ಳೀದು, ನಮ್ಮ ಬೀದಿಗೆ ಬರಲ್ಲ.

ಜೂನ್‌ಗೆ ದೊಡ್ಡವಳನ್ನ ಸ್ಕೂಲಿಗೆ ಸೇರಿಸ್ತೀನಿ ಅಂದ್ರು ಆ ತಾಯಿ. ಹಾಗಾದ್ರೆ ಜೋಲಿ ತೂಗೋರ್ಯಾರಮ್ಮ ಅಂದೆ. ನಕ್ಕು ಬಾಂಡ್ಲಿ ಎತ್ಕೊಂಡು ಹೊರಟ್ರು.