ಗೇರುಬೀಜದ ಹಿಂಡಿ ನಾಯಿಯ ತಟ್ಟೆಗೆ ಬರುವ ಮೊದಲು

ನಾಯಿಗೆ ಪ್ಯಾಕೆಟ್ ಫುಡ್ ತರುವವರು ಈಗೀಗ ಹಿಂಬದಿಯ ಸಣ್ಣ ಅಕ್ಷರವನ್ನೂ ಓದುತ್ತಾರೆ. ಒಳ್ಳೆಯದೇ. ಅಲ್ಲಿ ಕಡಲೆ ಹಿಂಡಿ (ಕಡಲೆಕಾಯಿಯ ಎಣ್ಣೆ ತೆಗೆದ ಮೇಲೆ ಉಳಿಯುವುದು), ಕಡಲೆಕಾಯಿ ಸಿಪ್ಪೆಯ ಪುಡಿ ಅಂತೇನಾದರೂ ಕಂಡರೆ, ಕಾರ್ಖಾನೆಯ ಕಸ ನಾಯಿಗೆ ಹಾಕ್ತಾರಾ ಎಂದು ಸಿಟ್ಟು ಬರುವುದೂ ಸಹಜ. ಮಂಗಳೂರು, ಪುತ್ತೂರು, ಕಾರ್ಕಳ, ಕುಂದಾಪುರದ ನಮಗಂತೂ ಇದು ಮನೆ ಬಾಗಿಲ ಪ್ರಶ್ನೆ. ನಮ್ಮ ಗೇರುಬೀಜದ ಕಾರ್ಖಾನೆಗಳಲ್ಲಿ ಉಳಿಯುವ ಚೂರು, ಹೊಟ್ಟು, ಹಿಂಡಿ ನಾಯಿಯ ಒಣ ಆಹಾರಕ್ಕೆ ಆಗುತ್ತದಾ?

ಕೆಲವು ಆಗುತ್ತವೆ. ಆದರೆ ಹಳೆಯ ಕತೆ ಗೊತ್ತಿಲ್ಲದೆ ಹೂಂ ಅನ್ನಬಾರದು.

ಒಣ ಆಹಾರ ಶುರುವಾಗಿದ್ದೇ ಬಿಸ್ಕೆಟ್ ರೂಪದಲ್ಲಿ. 1860ರ ಸುಮಾರಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನು ಗೋಧಿ, ಮಾಂಸ, ಬೀಟ್‌ರೂಟ್ ಸೇರಿಸಿ ನಾಯಿಗೆಂದೇ ಬಿಸ್ಕೆಟ್ ಮಾಡಿ ಮಾರಿದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದಲ್ಲಿ ತಗಡಿಗೆ ಬರ ಬಂತು. ಡಬ್ಬಿಯ ಆಹಾರ ಹಿಂದೆ ಬಿತ್ತು, ಒಣ ಆಹಾರ ಮುಂದೆ ಬಂತು. 1957ರಲ್ಲಿ ಪ್ಯೂರಿನಾ ಕಂಪನಿ ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಬೇಯಿಸಿ ಉಬ್ಬಿಸಿದ ಕಾಳುಗಳನ್ನು ಮಾರುಕಟ್ಟೆಗೆ ತಂದಿತು. ಈಗ ನಾವು ತಟ್ಟೆಗೆ ಸುರಿಯುವುದು ಅದೇ ಜಾತಿಯದು. ಹೀಗೆ ಉಬ್ಬಿಸುವ ಯಂತ್ರಕ್ಕೆ ಬಗೆಬಗೆಯ ಒಣ ಪುಡಿ ಹಾಕಬಹುದು, ಹಾಗಾಗಿ ಎಣ್ಣೆ ಗಿರಣಿಯ ಹಿಂಡಿಗೂ ಅಲ್ಲಿ ಜಾಗ ಸಿಕ್ಕಿತು. ಅದರಲ್ಲಿ ತಪ್ಪೇನಿಲ್ಲ. ಕಡಲೆ ಹಿಂಡಿಯಲ್ಲಿ ಪ್ರೋಟೀನ್ ಚೆನ್ನಾಗಿದೆ. ಪ್ರೋಟೀನಿನ ಘಟಕಗಳಾದ ಲೈಸಿನ್, ಮೆಥಿಯೋನಿನ್ ಮಾತ್ರ ಕಡಿಮೆ, ಅದನ್ನು ಮಾಂಸದಿಂದಲೋ ಮೀನಿನ ಪುಡಿಯಿಂದಲೋ ತುಂಬಿಸಬಹುದು. ಕಡಲೆಕಾಯಿ ಸಿಪ್ಪೆಯನ್ನು ಬೊಜ್ಜು ಬಂದ ನಾಯಿಗಳ ಆಹಾರದಲ್ಲಿ ನಾರಿಗಾಗಿ ಬಳಸಿದ್ದೂ ಉಂಟು.

ಕೆಟ್ಟದ್ದು ಬೇರೆ ದಾರಿಯಲ್ಲಿ ಬಂತು. 1950ರ ದಶಕದ ಆರಂಭದಲ್ಲಿ ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ನಾಯಿಗಳು ಯಕೃತ್ತು ಕೆಟ್ಟು ಸಾಯತೊಡಗಿದವು. ಕಾರಣ ತಿಳಿಯದೆ ವೈದ್ಯರು ಅದಕ್ಕೆ ‘ಹೆಪಟೈಟಿಸ್ ಎಕ್ಸ್’ ಎಂದು ಹೆಸರಿಟ್ಟರು. ಆ ನಾಯಿಗಳು ತಿನ್ನುತ್ತಿದ್ದ ಆಹಾರದಲ್ಲಿ ಕಡಲೆ ಹಿಂಡಿ ಇತ್ತು. ಉತ್ತರ ಸಿಕ್ಕಿದ್ದು ಮಾತ್ರ ಇನ್ನೊಂದು ದೇಶದಲ್ಲಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಜಾಡು ಹಿಡಿದು ಹೋದಾಗ ಬ್ರೆಜಿಲ್‌ನಿಂದ ಬಂದಿದ್ದ ಕಡಲೆ ಹಿಂಡಿಯೂ ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟೂ ಸಿಕ್ಕವು. ಆ ಬೂಷ್ಟು ಬಿಡುವ ವಿಷವೇ ಅಫ್ಲಾಟಾಕ್ಸಿನ್. ನಾಯಿಗಳನ್ನು ಕೊಂದದ್ದೂ ಇದೇ ಎಂದು ಆಮೇಲೆ ಗೊತ್ತಾಯಿತು.

ನಮ್ಮ ದೇಶದಲ್ಲೂ ಆಗಿದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಕಾಮಾಲೆ, ಹೊಟ್ಟೆಯಲ್ಲಿ ನೀರು. ಆ ಮನೆಗಳ ನಾಯಿಗಳಿಗೂ ಅದೇ ಆಗಿತ್ತು. ಈ ವಿಷಕ್ಕೆ ನಾಯಿಯ ಯಕೃತ್ತು ಬೇಗ ಸೋಲುತ್ತದೆ. ದಿನಾ ಒಂದೇ ಪ್ಯಾಕೆಟ್ ತಿನ್ನುವ ನಾಯಿಗೆ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ, ಅಲ್ವಾ? ಅಮೆರಿಕದಲ್ಲಿ 2005ರಲ್ಲಿ ಮತ್ತು 2020ರ ಕೊನೆಗೆ ಇದೇ ಕಾರಣಕ್ಕೆ ಒಣ ಆಹಾರವನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು. ಎರಡು ಸಲವೂ ಬೂಷ್ಟು ಹಿಡಿದದ್ದು ಮೆಕ್ಕೆಜೋಳಕ್ಕೆ. ಬೇಯಿಸಿದರೆ ಬೂಷ್ಟು ಸಾಯುತ್ತದೆ, ವಿಷ ಪೂರ್ತಿ ಹೋಗುವುದಿಲ್ಲ. ಉಬ್ಬಿಸುವ ಯಂತ್ರದ ಬಿಸಿಯೂ ಅದಕ್ಕೆ ಸಾಲದು.

ಈಗ ಗೇರುಬೀಜಕ್ಕೆ ಬರೋಣ. ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದ ಗಿಡ, 1920ರ ದಶಕದಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಯ ಸರಕಾಯಿತು. ಈಗ ನಮ್ಮ ಗುಡ್ಡದ ಬೀಜ ಸಾಲದೆ ಆಫ್ರಿಕಾದಿಂದಲೂ ತರಿಸುತ್ತಾರೆ. 80 ಕಿಲೋದ ಒಂದು ಮೂಟೆ ಒಡೆದರೆ ಸಿಗುವ ತಿರುಳು ಸುಮಾರು 20ರಿಂದ 22 ಕಿಲೋ. ಉಳಿದದ್ದೆಲ್ಲ ಹೆಚ್ಚಾಗಿ ಹೊರಸಿಪ್ಪೆ.

ಈ ಹೊರಸಿಪ್ಪೆ ನಾಯಿಯ ಹತ್ತಿರಕ್ಕೂ ಬರಬಾರದು. ಅದರ ಎಣ್ಣೆಯಲ್ಲಿ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಇವೆ, ಚರ್ಮ ಸುಡುತ್ತದೆ. ಚೇರೆ ಮರದ ಸೊನೆ ತಾಗಿ ಮೈ ಉಕ್ಕಿದವರಿಗೆ ಹೇಳಬೇಕಿಲ್ಲ, ಗೇರು ಅದೇ ಕುಟುಂಬ. ಬೀಜ ಒಡೆಯುವ ಹೆಂಗಸರು ಕೈಗೆ ಎಣ್ಣೆ, ಬೂದಿ ಹಚ್ಚಿಕೊಳ್ಳುವುದು ಸುಮ್ನೆ ಅಲ್ಲ. ಆ ಎಣ್ಣೆಗೆ ಬ್ರೇಕ್ ಲೈನಿಂಗ್, ಪೇಂಟ್ ಕಡೆ ಒಳ್ಳೆ ಬೇಡಿಕೆ ಇದೆ, ಅಲ್ಲಿಗೇ ಹೋಗಲಿ. ತಿರುಳಿನ ಮೇಲಿನ ಕೆಂಪು ಹೊಟ್ಟಿನಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಜಾಸ್ತಿ. ಕಹಿ, ಮೇಲಾಗಿ ಪ್ರೋಟೀನ್ ಜೀರ್ಣವಾಗಲು ಬಿಡುವುದಿಲ್ಲ. ದನಕ್ಕೆ ಆಗುತ್ತದೆ ಎಂದು ನಾಯಿಗೂ ಆಗಬೇಕಿಲ್ಲ, ದನದ ಹೊಟ್ಟೆಯೇ ಬೇರೆ.

ಉಳಿದದ್ದು ತಿರುಳಿನ ಚೂರು, ಕರಟಿದ ರಿಜೆಕ್ಷನ್ ಮಾಲು, ಅದರ ಹಿಂಡಿ. ನನಗೆ ಭರವಸೆ ಇರುವುದು ಇದರ ಮೇಲೆ. ತಿರುಳಿನಲ್ಲಿ ಅರ್ಧದಷ್ಟು ಕೊಬ್ಬು, ಹಾಗೇ ಹಾಕಿದರೆ ನಾಯಿಗೆ ಭಾರ. ಎಣ್ಣೆ ತೆಗೆದರೆ ಒಳ್ಳೆ ಪ್ರೋಟೀನ್. ಹುರಿಯುವಾಗ, ಒಡೆಯುವಾಗ ಸಿಪ್ಪೆಯ ಎಣ್ಣೆ ತಾಗಿದ ಚೂರುಗಳನ್ನು ಮಾತ್ರ ಹುಷಾರಾಗಿ ಬೇರೆ ಮಾಡಬೇಕು.

ಆದರೆ ಕಾಪಿಡುವ ರೀತಿ ನೋಡಿ. ಬಿಳಿ ತಿರುಳನ್ನು ತೇವ ಶೇ. 5ಕ್ಕಿಂತ ಕೆಳಗಿಳಿಸಿ, 11.34 ಕಿಲೋದ ತಗಡಿನ ಡಬ್ಬಿಯಲ್ಲಿ ಗಾಳಿ ತೆಗೆದು ಇಂಗಾಲದ ಡೈಆಕ್ಸೈಡ್ ತುಂಬಿ ಸೀಲ್ ಮಾಡಿ ಕಳಿಸುವ ಪದ್ಧತಿ ಈ ಉದ್ಯಮಕ್ಕೆ ದಶಕಗಳಿಂದ ಗೊತ್ತು. ಪ್ರಾಣಿಗೆ ತಾನೇ ಎಂದಾದ ಕೂಡಲೇ ಅದೇ ಮಾಲು ಗೋಣಿಚೀಲಕ್ಕೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಗೋಣಿಚೀಲದ ಗತಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಬೂಷ್ಟು ಕಾಯುತ್ತಾ ಕೂರುವುದಿಲ್ಲ.

ಹಾಗಾಗಿ ಇಲ್ಲಿ ಯಾರಾದರೂ ಗೇರು ಹಿಂಡಿ ಹಾಕಿದ ನಾಯಿ ಆಹಾರ ಮಾಡಿದರೆ ನಾನು ಕೇಳುವುದು ಮೂರೇ. ಪ್ರತಿ ಬ್ಯಾಚಿಗೂ ಅಫ್ಲಾಟಾಕ್ಸಿನ್ ಪರೀಕ್ಷೆ ಆಗಿದೆಯಾ? ಅಮೆರಿಕದಲ್ಲಿ ನಾಯಿ ಆಹಾರಕ್ಕೆ ಇರುವ ಗಡಿ ನೂರು ಕೋಟಿ ಭಾಗದಲ್ಲಿ 20 ಭಾಗ, ಅದಕ್ಕಿಂತ ಕೆಳಗಿದೆಯಾ? ಹಿಂಡಿಯನ್ನು ಮಳೆಗಾಲದಲ್ಲಿ ಎಲ್ಲಿ, ಯಾವುದರಲ್ಲಿ ಇಟ್ಟಿದ್ದರು?

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಮಳೆಗಾಲದಲ್ಲಿ ದೊಡ್ಡ ಚೀಲ ತರಬೇಡಿ, ತೆರೆದಿಟ್ಟ ಚೀಲದಿಂದ ತೂಗಿ ಕೊಡುವ ಮಾಲು ಬೇಡವೇ ಬೇಡ. ಮುಗ್ಗಲು ಅಥವಾ ಕಮಟು ವಾಸನೆ ಬಂದರೆ ಬಿಸಾಡಿ. ವಾಸನೆ ಇಲ್ಲದಿದ್ದರೂ ವಿಷ ಇರಬಹುದು, ಅದಕ್ಕೆ ನಾಯಿಯನ್ನೂ ಗಮನಿಸಿ. ತಿನ್ನಲು ಹಿಂದೇಟು, ವಾಂತಿ, ಮಂಕು, ಒಸಡು ಹಳದಿಯಾದರೆ ಅದೇ ದಿನ ಪಶುವೈದ್ಯರ ಹತ್ತಿರ ಹೋಗಿ. ಉಳಿದ ಪ್ಯಾಕೆಟ್ ಜೊತೆಗೆ ಒಯ್ಯಿರಿ, ಬ್ಯಾಚ್ ನಂಬರ್ ಇರುವುದು ಅದರ ಮೇಲೆ.