ಯಾರಿಗೂ ಪಾಲಿಲ್ಲದ ಚಾನೆಲ್

ಕರೆಂಟ್ ಹೋಗಿ ಬಂದ ಮೇಲೆ ಬೀದಿದೀಪಗಳ ಕಂಟ್ರೋಲರ್‌ಗಳು ಎರಡು ಮೂರು ಗಂಟೆ ಸಂಪರ್ಕಕ್ಕೇ ಸಿಗುವುದಿಲ್ಲ ಎಂಬ ದೂರು ಹೊತ್ತು ಒಬ್ಬರು ಬಂದಿದ್ದರು. ಆರುನೂರರಷ್ಟು ಪೆಟ್ಟಿಗೆಗಳು, ಎಲ್ಲವೂ 865 ಮೆಗಾಹರ್ಟ್ಸ್ ಆಸುಪಾಸಿನ ಲೋರಾ ರೇಡಿಯೊ, ಅಂದರೆ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವಂಥವು. ಅವುಗಳ ಸಂದೇಶ ಹಿಡಿಯುವ ಗೇಟ್‌ವೇ ಬದಲಿಸಿದ್ದರು, ಆಂಟೆನಾ ಎತ್ತರಿಸಿದ್ದರು, ಗುಣ ಕಂಡಿರಲಿಲ್ಲ. ಇದಕ್ಕೆ ಮದ್ದು 1971ರಲ್ಲೇ ಹವಾಯಿಯಲ್ಲಿ ಸಿಕ್ಕಿದೆ ಅಂದೆ. ತಮಾಷೆ ಅಂದುಕೊಂಡರು.

ಹವಾಯಿ ವಿಶ್ವವಿದ್ಯಾಲಯದ ಮುಖ್ಯ ಕಂಪ್ಯೂಟರ್ ಇದ್ದದ್ದು ಓಆಹು ದ್ವೀಪದಲ್ಲಿ. ಅದನ್ನು ಬಳಸಬೇಕಾದವರು ಬೇರೆ ಬೇರೆ ಕಡೆ ಚದುರಿದ್ದರು. ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ಟೆಲಿಫೋನ್ ತಂತಿಯ ಗೊಡವೆ ಬಿಟ್ಟು ರೇಡಿಯೊ ಹಿಡಿದು ಅಲೋಹಾ ಎಂಬ ಜಾಲ ಕಟ್ಟಿದರು. ಕೈಯಲ್ಲಿದ್ದದ್ದು ಎರಡೇ ಚಾನೆಲ್: ಬಳಕೆದಾರರು ಟೈಪ್ ಮಾಡುವ ಟರ್ಮಿನಲ್‌ಗಳಿಂದ ಕೇಂದ್ರಕ್ಕೆ 407.350 ಮೆಗಾಹರ್ಟ್ಸ್, ಕೇಂದ್ರದಿಂದ ವಾಪಸ್ 413.475. ವೇಗ ಸೆಕೆಂಡಿಗೆ 9600 ಬಿಟ್. ವಾಪಸ್ ಬರುವ ದಾರಿಯಲ್ಲಿ ಮಾತಾಡುವವರು ಒಬ್ಬರೇ, ಅಲ್ಲಿ ಜಗಳವಿಲ್ಲ. ತಕರಾರೆಲ್ಲ ಹೋಗುವ ದಾರಿಯದು.

ನಾಲೆ ನೀರಿಗೆ ಪಾಳಿ ಕಟ್ಟುವ ಹಾಗೆ ಇದಕ್ಕೂ ಪಾಳಿ ಕಟ್ಟಬಹುದಿತ್ತಲ್ಲ? ಗದ್ದೆಗೆ ನೀರು ಬೇಕೇ ಬೇಕು, ಅದಕ್ಕೆ ಪಾಳಿ ಸರಿ. ಟರ್ಮಿನಲ್ ಮುಂದೆ ಕೂತವನು ಹಾಗಲ್ಲ. ಒಂದು ಸಾಲು ಟೈಪ್ ಮಾಡಿ, ತಲೆ ಕೆರೆದುಕೊಂಡು, ನಿಮಿಷ ಬಿಟ್ಟು ಇನ್ನೊಂದು ಸಾಲು ಕಳಿಸುತ್ತಾನೆ. ಲೆಕ್ಕ ಹಾಕಿ ನೋಡಿ. 150 ಜನಕ್ಕೆ 9600 ಬಿಟ್ ಸಮನಾಗಿ ಹಂಚಿದರೆ ತಲೆಗೆ 64 ಬಿಟ್. ಅಲೋಹಾದ ಒಂದು ಪ್ಯಾಕೆಟ್, ಅಂದರೆ ಒಮ್ಮೆಗೆ ಕಳಿಸುವ ಕಂತೆ, 704 ಬಿಟ್. ಅದರಲ್ಲಿ 640 ಬಿಟ್ ಸಂದೇಶ, ಉಳಿದದ್ದು ವಿಳಾಸ ಮತ್ತು ತಪ್ಪು ಪತ್ತೆಯ ಬಿಟ್‌ಗಳು. ಪಾಲಿನ ಪ್ರಕಾರ ಅದನ್ನು ಕಳಿಸಲು 11 ಸೆಕೆಂಡ್ ಬೇಕು, ಪಕ್ಕದವರ ಪಾಲು ಖಾಲಿ ಬಿದ್ದಿದ್ದರೂ ಸಹ. ಇಡೀ ಚಾನೆಲ್ ಸಿಕ್ಕರೆ ಅದೇ ಪ್ಯಾಕೆಟ್ 73 ಮಿಲಿಸೆಕೆಂಡಿನ ಕೆಲಸ.

ಆದ್ದರಿಂದ ಅವರು ಯಾರಿಗೂ ಪಾಲೇ ಕೊಡಲಿಲ್ಲ. ಕಳಿಸುವುದಿದ್ದರೆ ಕಳಿಸು. ತಲುಪಿದ್ದಕ್ಕೆ ಕೇಂದ್ರದಿಂದ ರಸೀತಿ ಬರುತ್ತದೆ. ಬರದಿದ್ದರೆ ಇನ್ನೊಬ್ಬನ ಪ್ಯಾಕೆಟ್‌ಗೆ ಡಿಕ್ಕಿ ಹೊಡೆದು ಹಾಳಾಗಿದೆ ಎಂದುಕೊಂಡು, ಲಾಟರಿ ಎತ್ತಿದ ಹಾಗೆ ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಕಳಿಸು. ಕೇಂದ್ರದ ಪುಟ್ಟ ಕಂಪ್ಯೂಟರಿಗೆ ಮೆನೆಹೂನೆ ಎಂದು ಹೆಸರಿಟ್ಟಿದ್ದರು. ಹವಾಯಿ ಜನಪದದ ಕುಳ್ಳ ಕೆಲಸಗಾರರ ಹೆಸರದು. ಇಂಟರ್‌ನೆಟ್‌ನ ಪೂರ್ವಜ ಆರ್ಪಾನೆಟ್‌ನಲ್ಲಿ ಇದೇ ಕೆಲಸದ ಯಂತ್ರಗಳಿಗೆ ಐಎಂಪಿ ಎಂಬ ಹೆಸರಿತ್ತು; ಇಂಗ್ಲಿಷಿನಲ್ಲಿ ‘ಇಂಪ್’ ಅಂದರೆ ತುಂಟ ಕುಳ್ಳ ಭೂತ, ಅದರ ಮೇಲೆ ಸಣ್ಣ ಚೇಷ್ಟೆ.

ಪಠ್ಯಪುಸ್ತಕಗಳು ಈ ಪದ್ಧತಿಗೆ 18.4 ಶೇಕಡಾ ಎಂಬ ಹಣೆಪಟ್ಟಿ ಅಂಟಿಸುತ್ತವೆ: ಚಾನೆಲ್‌ನ ಸಾಮರ್ಥ್ಯದಲ್ಲಿ ಅಷ್ಟು ಮಾತ್ರ ಸಿಗುತ್ತದೆ, ಉಳಿದದ್ದು ಹಾಳು. ವಿದ್ಯಾರ್ಥಿಗಳು ಅದನ್ನು ಫೇಲಾದ ಅಂಕದಂತೆ ಓದುತ್ತಾರೆ. ನನಗೆ ಅದು ಅಗ್ಗದ ಬೆಲೆ. ನಿಮಿಷಕ್ಕೊಂದು ಪ್ಯಾಕೆಟ್ ಕಳಿಸುವವರಾದರೆ ಆ ಶೇಕಡಾ 18ರಲ್ಲೇ 150 ಜನ ಹಿಡಿಸುತ್ತಾರೆ, ಸರದಿ ಕಾಯುವ ಒಬ್ಬ ಮೇಸ್ತ್ರಿಯೂ ಬೇಡ. ಹೆದರಬೇಕಾದದ್ದು ಬೇರೆಯದಕ್ಕೆ. ಹೊರೆ ಮಿತಿ ದಾಟಿದರೆ ಡಿಕ್ಕಿ ಹೆಚ್ಚುತ್ತದೆ, ಡಿಕ್ಕಿಯಾದದ್ದೆಲ್ಲ ಮತ್ತೆ ಬಂದು ಹೊರೆ ಏರುತ್ತದೆ. ಚಾನೆಲ್ ಹೊರುವುದರ ಎರಡರಷ್ಟು ಪ್ಯಾಕೆಟ್ ಸುರಿದರೆ ದಾಟುವುದು ಶೇಕಡಾ ನಾಲ್ಕೂ ಇಲ್ಲ.

1972ರಲ್ಲಿ ಲ್ಯಾರಿ ರಾಬರ್ಟ್ಸ್ ಒಂದು ಸಣ್ಣ ತಿದ್ದುಪಡಿ ತಂದರು: ಕಾಲವನ್ನು ಪ್ಯಾಕೆಟ್ ಉದ್ದದ ತುಂಡುಗಳಾಗಿ ಕತ್ತರಿಸಿ, ತುಂಡಿನ ಆರಂಭದಲ್ಲಷ್ಟೇ ಹೊರಡಿ ಅಂದರು. ಅರ್ಧಂಬರ್ಧ ತಾಗುವ ಡಿಕ್ಕಿಗಳು ತಪ್ಪಿ ಮಿತಿ ಶೇಕಡಾ 36.8ಕ್ಕೆ ಏರಿತು. 2ಜಿ ಫೋನ್ ಟವರಿಗೆ ಮೊದಲ ಕೂಗು ಹಾಕುವುದು ಇಂದಿಗೂ ಹೀಗೆಯೇ.

ಮಾತಾಡುವ ಮುನ್ನ ಕಿವಿಗೊಡಬಾರದೇ ಎಂದು ಕೇಳುವವರುಂಟು. ಹವಾಯಿಯ ಟರ್ಮಿನಲ್‌ಗಳ ಕಿವಿ ಇದ್ದದ್ದು 413ಕ್ಕೆ, ಬಾಯಿ 407ಕ್ಕೆ. ಒಬ್ಬರಿಗೊಬ್ಬರು ಕೇಳಿಸುವಂತೆಯೇ ಇರಲಿಲ್ಲ. 1973ರಲ್ಲಿ ಬಾಬ್ ಮೆಟ್‌ಕಾಫ್ ಕಂಪ್ಯೂಟರ್‌ಗಳನ್ನು ಜೋಡಿಸುವ ಈಥರ್ನೆಟ್ ಯೋಚಿಸುವಾಗ ಎಲ್ಲರೂ ಒಂದೇ ಕೇಬಲ್ ಮೇಲಿದ್ದರು, ಅಲ್ಲಿ ಕಿವಿಗೊಡಬಹುದಿತ್ತು. ಹಾಗಿದ್ದೂ ಲಾಟರಿಯನ್ನು ಅವರು ಬಿಡಲಿಲ್ಲ. ಮುಂದೆ ಬಂದ ಈಥರ್ನೆಟ್‌ಗಳಲ್ಲಿ ಡಿಕ್ಕಿಯಾದಷ್ಟೂ ಸಲ ಲಾಟರಿಯ ಚೀಟಿಗಳು ಇಮ್ಮಡಿಯಾದವು, ಅಂದರೆ ಕಾಯುವ ಹೊತ್ತಿನ ಹರವು ಹಿಗ್ಗಿತು.

ಬೀದಿದೀಪದವರು ತಪ್ಪಿದ್ದು ಇಲ್ಲೇ. ಕರೆಂಟ್ ಬಂದ ಕ್ಷಣಕ್ಕೆ ಆರುನೂರೂ ಪೆಟ್ಟಿಗೆ ಒಟ್ಟಿಗೆ ಎದ್ದು ಕೂಗುತ್ತಿದ್ದವು. ಉತ್ತರ ಬರದಿದ್ದರೆ ಕಾಯುವ ಹೊತ್ತು ಪ್ರೋಗ್ರಾಂನಲ್ಲಿ ಸರಿಯಾಗಿ 60 ಸೆಕೆಂಡ್, ಎಲ್ಲಕ್ಕೂ ಒಂದೇ. ಅಂದರೆ ನಿಮಿಷಕ್ಕೊಮ್ಮೆ ಅದೇ ಆರುನೂರರ ಅದೇ ಡಿಕ್ಕಿ; ಪ್ರತಿ ಸುತ್ತಿನಲ್ಲಿ ಸಿಗ್ನಲ್ ಗಟ್ಟಿಯಿದ್ದ ಕೆಲವು ಮಾತ್ರ ನುಸುಳುತ್ತಿದ್ದವು. ಬರೆದ ಹುಡುಗ ಅಚ್ಚುಕಟ್ಟುಗಾರ, ಅದೇ ಮುಳುವಾಗಿತ್ತು.

ಮೊದಲ ಕೂಗನ್ನು ಹದಿನೈದು ನಿಮಿಷದುದ್ದಕ್ಕೂ ಲಾಟರಿಯಲ್ಲಿ ಚದುರಿಸಿ, ಮರುಪ್ರಯತ್ನಕ್ಕೂ ಹಾಗೆಯೇ ಮಾಡಿಸಿದೆ. ನಾಲ್ಕು ಸಾಲಿನ ಬದಲಾವಣೆ. ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಅರ್ಧ ಗಂಟೆಯೊಳಗೆ ಎಲ್ಲ ಪೆಟ್ಟಿಗೆಗಳೂ ಹಾಜರಿ ಹಾಕಿದವು. ಹೊಸ ಗೇಟ್‌ವೇ ವಾಪಸ್ ಕಳಿಸಿ ಹಳೆಯದನ್ನೇ ಕಂಬಕ್ಕೆ ಏರಿಸಿದರು.